ಸಗೀರಾ ಅಂಗಡಿಯ ಫುಕಟ ಮಾಲು

ಸಿಂದಗಿ ಬಸ್ ನಿಲ್ದಾಣದ ಹೊರಗೆ ಚಹದಂಗಡಿಯವನು ಇನ್ನೂ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಅವನ ಪಕ್ಕದ ಅಂಗಡಿಯಲ್ಲಿ ಸಗೀರಾ ಕೂಡ ಪಂಪು ಹೊಡೆಯುತ್ತಿದ್ದಾರೆ. ಅವರದು ಸೈಕಲ್ ಪಂಪು. ಅದರ ಮೂತಿ ಇರುವುದು ಒಂದು ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ. ಒಂದೊಂದು ಒತ್ತಿಗೂ ಒಳಗಿನ ಪುಟ್ಟ ಫ್ಯಾನಿನಿಂದ ಬಿಳಿ ಹುಡಿ ಹಾರಿ ಎಳೆಬಿಸಿಲಿನಲ್ಲಿ ತೇಲುತ್ತದೆ. ಸಗೀರಾ ಅದನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾರೆ.

"ಜ್ವಾಳದ ಹಿಟ್ಟು," ಎಂದು ತೀರ್ಪು ಬರುತ್ತದೆ. "ಕನ್ನೊಳ್ಳಿದು. ಮತ್ತ ಸತ್ತ ಬಂತ ನೋಡ್ರಿ."

ಕನ್ನೊಳ್ಳಿ ಕಡೆಯ ಮೊದಲ ಬಸ್ಸಿನಲ್ಲಿ, ಸೊಲ್ಲಾಪುರದ ಚಾದರದಲ್ಲಿ ಸುತ್ತಿಸಿಕೊಂಡು, ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕುಳಿತು ಬಂದಿದೆ ಈ ಲ್ಯಾಪ್‌ಟಾಪು. ಜೊತೆಗೊಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬೇರೆ ಊರುಗಳಿಂದ ಕೆಟ್ಟ ಸುದ್ದಿ ಬರಿಗೈಯಲ್ಲಿ ಬರುತ್ತದೆ, ಕನ್ನೊಳ್ಳಿಯದು ಊಟ ಕಟ್ಟಿಕೊಂಡು ಬರುತ್ತದೆ. ಸಗೀರಾ ರೊಟ್ಟಿಯನ್ನು ತೆಗೆದಿಟ್ಟು, ಡಬ್ಬಿಯನ್ನು ತೊಳೆದು ಒರೆಸಿ, ಒಳಗೆ ಒಂದು ಹಿಡಿ ಖರ್ಜೂರ ಹಾಕಿ ಮುಚ್ಚಳ ಬಿಗಿಯುತ್ತಾರೆ. ಮಾಲು ತುಂಬಿ ಬಂದ ಡಬ್ಬಿಯನ್ನು ಖಾಲಿ ವಾಪಸು ಕಳಿಸುವ ಪದ್ಧತಿ ಈ ಕಡೆ ಯಾರ ಮನೆಯಲ್ಲೂ ಇಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹೋಗಬೇಕು. ಮನೆಯಲ್ಲಿ ಏನೂ ಸಿಗದ ದಿನ ಕರಿಬೇವಿನ ಎಸಳು ಹಾಕಿ ಕಳಿಸಿದವರೂ ಉಂಟು.

ಸಗೀರಾ ಮಾಡುವ ಕೆಲಸ ಹೇಳಲು ಸುಲಭ. ಪುಣೆ, ಮುಂಬಯಿಯ ಕಂಪನಿಗಳು ಹಳತಾಯಿತೆಂದು ಎಸೆದ ಲ್ಯಾಪ್‌ಟಾಪುಗಳು ಸೊಲ್ಲಾಪುರದ ಗುಜರಿಗೆ ಬಂದು ಬೀಳುತ್ತವೆ. ಅಲ್ಲಿಂದ ಅವನ್ನು ತರಿಸಿ, ತಿಕ್ಕಿ ತೊಳೆದು, ಒಂದರ ಕಾಲು ಇನ್ನೊಂದಕ್ಕೆ ಜೋಡಿಸಿ, ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆಯನ್ನು ತುಂಬಿ ಮತ್ತೆ ನಡೆಯುವಂತೆ ಮಾಡುತ್ತಾರೆ. ಲಿನಕ್ಸ್‌ಗೆ ಯಾರೂ ದುಡ್ಡು ಕೇಳುವುದಿಲ್ಲ. ಬೇಕಾದವರು ತೆಗೆದುಕೊಳ್ಳಬಹುದು, ಬೇಕಾದವರಿಗೆ ಕೊಡಬಹುದು, ಸರಿ ಕಾಣದಿದ್ದರೆ ಬಿಚ್ಚಿ ಬದಲಿಸಲೂಬಹುದು. ಎಂಥ ಮುದಿ ಯಂತ್ರದ ಮೇಲೂ ಅದು ಓಡುತ್ತದೆ, ಸ್ವಲ್ಪ ನಿಧಾನಕ್ಕೆ, ಎರಡನೇ ಸಂಬಂಧಕ್ಕೆ ಒಪ್ಪಿದ ಗಂಡಿನ ಹಾಗೆ ತಕರಾರಿಲ್ಲದೆ.

ಕಷ್ಟ ಇರುವುದು ಯಂತ್ರದಲ್ಲಲ್ಲ, ಫುಕಟ ಎಂಬ ಶಬ್ದದಲ್ಲಿ. ಬಿಟ್ಟಿ ಸಿಗುವ ಯಾವ ಮಾಲನ್ನೂ ಈ ನಾಲ್ಕು ತಾಲ್ಲೂಕಿನ ಮಂದಿ ನಂಬುವುದಿಲ್ಲ. "ಫುಕಟ ಐತಿ ಅಂದ್ರ ಏನೋ ಐಬು ಇರಬೇಕ," ಎಂದು ಮುಖದ ಮೇಲೆಯೇ ಹೇಳುತ್ತಾರೆ. ಆದ್ದರಿಂದ ಸಗೀರಾ ಅವರ ಕಪಾಟಿನಲ್ಲಿ ಸಾಲಾಗಿ ಕುಳಿತಿರುವ, ಬದುಕಿ ತಯಾರಾದ ಲ್ಯಾಪ್‌ಟಾಪುಗಳನ್ನು ನೋಡಿದವರೆಲ್ಲ ಮುಟ್ಟಿ, ಎತ್ತಿ, ತೂಗಿ, ಒಂದೇ ಮಾತು ಹೇಳಿ ಹೋಗಿದ್ದಾರೆ. ತಾಂಬಾದ ಟೇಲರಮ್ಮ, ಇಂಡಿ ಪಟ್ಟಣದ ಲಿಂಬೆಹಣ್ಣಿನ ವ್ಯಾಪಾರಿ, ಮುದ್ದೇಬಿಹಾಳದ ಫೋಟೋ ಸ್ಟುಡಿಯೊದವರು, ಎಲ್ಲರದೂ ಅದೇ ರಾಗ: "ಕನ್ನೊಳ್ಳಿದು ಪಂಚಮಿ ತನಕಾ ಬಾಳಿದ್ರ ನಮಗೂ ಒಂದ ಇರಲಿ, ಅಕ್ಕಾರ."

ಕನ್ನೊಳ್ಳಿಯದು ಬಾಳುತ್ತಿಲ್ಲ. ನಾಗರಪಂಚಮಿಯೋ ಹತ್ತಿರವಾಗುತ್ತಿದೆ. ಆ ದಿನ ಅದು ಮತ್ತೆ ಮಲಗಿದರೆ ಕಪಾಟಿನ ಸಾಲು ಬಂದ ದಾರಿಯಲ್ಲೇ ಗುಜರಿಗೆ ಹೋಗುತ್ತದೆ. ಅದರ ಹಿಂದೆ ಸಗೀರಾ ಅವರ ಹೆಸರೂ ಹೋಗುತ್ತದೆ. "ಮಾಲು ಹೋದ್ರ ಮತ್ತೊಂದ ತರಬಹುದರಿ," ಎನ್ನುತ್ತಾರೆ ಅವರು, ಪಂಪು ಕೆಳಗಿಟ್ಟು. "ಸಗೀರಾ ಕೊಟ್ಟದ್ದು ನಿಲ್ಲೂದಿಲ್ಲ ಅಂತ ಒಮ್ಮೆ ಬಸ್ ಸ್ಟ್ಯಾಂಡಿನ್ಯಾಗ ಮಾತು ಹೊಂಟ್ರ, ಅದನ್ನ ಯಾವ ಗ್ಯಾರೇಜಿನ್ಯಾಗ ರಿಪೇರಿ ಮಾಡ್ಸೂದು?"

ರಿಪೇರಿ ಅವರಿಗೆ ರಕ್ತದಲ್ಲಿ ಬಂದದ್ದು. ಅಂಗಡಿಯ ಬೋರ್ಡಿನ ಮೇಲೆ ಇಂದಿಗೂ ಇರುವುದು ತಂದೆಯ ಹೆಸರೇ: ಮಹಮ್ಮದಹನೀಫ, ಗಡಿಯಾರ ಮತ್ತು ರೇಡಿಯೊ ದುರಸ್ತಿ. ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ರೇಡಿಯೊ ಕೊಡಲು ಬಂದವರು ಹನೀಫಸಾಬರ ಕೈಗೆ ಕೊಡುತ್ತಿದ್ದರು. ಹನೀಫಸಾಬರು ಅದನ್ನು ಹಿಂದಿನ ಪರದೆಯೊಳಗೆ ದಾಟಿಸುತ್ತಿದ್ದರು. ಪರದೆಯ ಹಿಂದೆ ಮಗಳು ಸಗೀರಾ. ಆಕೆಯ ಸಣ್ಣ ಬೆರಳುಗಳು ಎಂಥ ಇಕ್ಕಟ್ಟಿನ ಒಳಗೂ ಹೋಗುತ್ತಿದ್ದವು. ಸಂಜೆ ರೇಡಿಯೊ ಹಾಡತೊಡಗಿದರೆ ಗಿರಾಕಿ ಪರದೆಯ ಈಚೆಗೆ ನಿಂತು, "ಏನ ಕೈಗುಣ ರೀ ಹನೀಫಸಾಬ್ರ ನಿಮ್ಮದು!" ಎಂದು ಹೊಗಳುತ್ತಿದ್ದ. ಪರದೆಯ ಆಚೆಯಿಂದ ಒಂದು ಕಿಸಕ್ಕನೆ ನಗು ಕೇಳಿಸುತ್ತಿತ್ತು.

ತಂದೆ ತೀರಿಕೊಂಡ ಮೇಲೆ ಸಗೀರಾ ಪರದೆ ಬಿಚ್ಚಿ ಮುಂದೆ ಬಂದು ಕುಳಿತರು. ಗಿರಾಕಿಗಳು ಹೋದರು. "ಹೆಣಮಗಳ ಕೈಯಾಗ ರೇಡಿಯೊ ಕೊಡೂದೇನು ಅಂತ ಮತ್ತೊಂದ ಕಡೆ ಹೋದ್ರು. ಅಲ್ಲಿ ಆಗಲಿಲ್ಲ. ತಿರುಗಿ ಬಂದು, 'ಅಕ್ಕಾರ, ನಿಮ್ಮಪ್ಪಾರ ಹಂಗ ಮಾಡಿ ಕೊಡ್ರಿ' ಅಂದ್ರು. ನಮ್ಮಪ್ಪನ ಹಂಗ ಅಂದ್ರ ನನ್ನ ಹಂಗ ಅಂತ ಅವರಿಗೆ ಹೇಳೂದರ ಹೆಂಗ?" ಹೇಳಲಿಲ್ಲ. ಸುಮ್ಮನೆ ಮಾಡಿಕೊಟ್ಟರು. ಆ ಪರದೆ ಈಗಲೂ ಇದೆ. ಕಪಾಟಿನ ಲ್ಯಾಪ್‌ಟಾಪುಗಳ ಮೇಲೆ ಧೂಳು ಕೂರದಂತೆ ಹೊದಿಸಿದ್ದಾರೆ.

ಕಾಲ ಬದಲಾಯಿತು. ಮಂದಿ ರೇಡಿಯೊ ಬಿಟ್ಟು ಟೀವಿಗೆ ಹೋದರು, ಗಡಿಯಾರ ಬಿಟ್ಟು ಮೊಬೈಲಿನಲ್ಲಿ ವೇಳೆ ನೋಡತೊಡಗಿದರು. ಅಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸವಾಗಿದ್ದ ದಿನಗಳಲ್ಲಿ, ಅಂದರೆ ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ, ಪತಿ ಮೋದಿನಸಾಬರು ಸೊಲ್ಲಾಪುರದಿಂದ ಚಾದರದಲ್ಲಿ ಸುತ್ತಿಕೊಂಡು ಏನೋ ಒಂದನ್ನು ತಂದರು. ಮೋದಿನಸಾಬರು ಸರ್ಕಾರಿ ಬಸ್ಸಿನ ಕಂಡಕ್ಟರು, ಇಂಡಿಯ ಮೇಲೆ ಹಾದು ಸೊಲ್ಲಾಪುರಕ್ಕೆ ಹೋಗಿ ಬರುವುದು ಅವರ ರೂಟು. ಗುಜರಿಯವನು ತೋರಿಸಿದ ವಸ್ತುವನ್ನು ಅವರು ಟೀವಿ ಕೂಡಿಸಿದ ಟೈಪ್‌ರೈಟರ್ ಎಂದು ತಿಳಿದಿದ್ದರು.

"ಹೆಂಡತಿ ಕೆಲಸಿಲ್ಲದ ಕುಂತ್ರ ನನ್ನ ಮ್ಯಾಲ ಕೆಲಸ ಚಾಲೂ ಆಕ್ಕೈತ್ರಿ," ಎಂದು ಮೋದಿನಸಾಬರು ಆ ಖರೀದಿಯ ಹಿಂದಿನ ವಿಚಾರವನ್ನು ಬಿಚ್ಚಿಡುತ್ತಾರೆ. ಅಂದಿನಿಂದ ಇಂದಿನವರೆಗೂ ಪ್ರತಿ ಲ್ಯಾಪ್‌ಟಾಪಿಗೂ ಅವರೇ ಲಗೇಜ್ ಟಿಕೀಟು ಹರಿದು, ಅವರೇ ದುಡ್ಡು ಹಾಕಿ, ಟಿಕೀಟನ್ನು ಮನೆಗೆ ತಂದು ಹೆಂಡತಿಯ ಮುಂದೆ ಇಡುತ್ತಾರೆ. "ಸ್ವಂತ ಹೇಣ್ತಿಗೂ ಸೂಟು ಇಲ್ಲ" ಎಂದು ಸಗೀರಾ ರಿಯಾಯಿತಿಯ ಮಾತೆತ್ತಿ ಮೂಗು ಮುರಿದರೆ, "ಹೇಣ್ತಿಗೆ ಸೂಟು ಐತಿ, ಲಗೇಜಿಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಮೊದಲ ಲ್ಯಾಪ್‌ಟಾಪಿನ ದೀಪವೇನೋ ಹೊತ್ತಿಕೊಂಡಿತು, ಆದರೆ ಅದರ ಪರದೆಯ ಮೇಲೆ ಏನೂ ಬರಲಿಲ್ಲ. ಕಂಪನಿಯವರು ಕೊಡುವ ಮೊದಲು ಅದರೊಳಗಿನದನ್ನೆಲ್ಲ ಒರೆಸಿ ಹಾಕಿದ್ದರು. ಸಗೀರಾ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ, ಒಂದು ಕಂಪ್ಯೂಟರ್ ಮಾಸಿಕದ ಬೆನ್ನಿಗೆ ಅಂಟಿಸಿದ್ದ ಲಿನಕ್ಸ್ ಸಿ.ಡಿ.ಯನ್ನು ಕಂಡು ತಂದರು. ಹಾಕಿದರು. ಕೆಟ್ಟಿತು. ಮತ್ತೆ ಹಾಕಿದರು. ಮತ್ತೆ ಕೆಟ್ಟಿತು. ಹಾಗೆ ಕೆಡಿಸುತ್ತ ಕೆಡಿಸುತ್ತ ಕಲಿತರು. ಅಡಚಣೆ ಬಂದಾಗ ವಿಜಾಪುರದ ಪಾಲಿಟೆಕ್ನಿಕ್ಕಿನ ಮೇಷ್ಟರು ಚೇತನಕುಮಾರರಿಗೆ ಫೋನು. ಚೇತನಕುಮಾರರದು ಮೆತ್ತಗಿನ ಸ್ವಭಾವ, ಪಾಠ ಮಾಡುವ ಹೊತ್ತಿನಲ್ಲೂ ಫೋನು ಎತ್ತುತ್ತಾರೆ. "ಸಗೀರಕ್ಕಾರ್ದು ಪ್ರಶ್ನೆ ಬಂತಂದ್ರ ನಮ್ಮ ಹುಡುಗೂರಿಗೂ ಜೋರಾಗಿ ಓದಿ ಹೇಳ್ತೇನಿ," ಎನ್ನುತ್ತಾರೆ. "ಪುಸ್ತಕದಾಗ ಇಂಥಾ ಪ್ರಶ್ನೆ ಇರೂದಿಲ್ರಿ. ಫ್ಯಾನಿನ್ಯಾಗ ಇರಿವಿ ಸಂಸಾರ ಹೂಡ್ಯಾವು, ಏನ ಮಾಡ್ಲಿ ಅಂತ ಕೇಳ್ತಾರ."

ಫುಕಟ ಎಂಬ ಶಬ್ದಕ್ಕೂ ಸಗೀರಾ ಒಂದು ಉತ್ತರ ಕಂಡುಕೊಂಡಿದ್ದಾರೆ. "ಮೊಹರಂದಾಗ ಶರಬತ್ತು ಹಂಚತಾರಲ್ರಿ? ಕುಡದು, ಗ್ಲಾಸು ಇಟ್ಟು ಹೋಗ್ತೀರಿ. ಇದರಾಗ ಏನೋ ಐಬು ಐತಿ ಅಂತ ಕೇಳ್ತೀರೇನು?" ಎನ್ನುತ್ತಾರೆ. ಒಮ್ಮೆ ಬಸವನಬಾಗೇವಾಡಿಯಿಂದ ಬಂದಿದ್ದ ನಿವೃತ್ತ ಮಾಸ್ತರ ಶ್ರೀಶೈಲಪ್ಪ ಈ ಶರಬತ್ತಿನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಅಂದ್ರ ದಾಸೋಹ ಅನ್ರಲಾ! ಇಷ್ಟೊತ್ತು ಫುಕಟ, ಫುಕಟ ಅಂತ ಹೆದರಿಸಿದ್ರಿ," ಎಂದರಂತೆ. ಆದರೆ ಶ್ರೀಶೈಲಪ್ಪನವರೂ ಲ್ಯಾಪ್‌ಟಾಪು ಒಯ್ಯಲಿಲ್ಲ. ಕನ್ನೊಳ್ಳಿಯದು ಏನಾಗುತ್ತದೋ ನೋಡಿ ಬರುತ್ತೇನೆ ಎಂದು ಹೋದರು.

ಕನ್ನೊಳ್ಳಿಯಲ್ಲಿ ಇರುವುದು ಗುಂಡವ್ವನವರ ರೊಟ್ಟಿ ಮನೆ. ಗುಂಡವ್ವ ಮತ್ತು ಓಣಿಯ ಹೆಣ್ಣುಮಕ್ಕಳು ಕೂಡಿ ಖಡಕ್ ರೊಟ್ಟಿ, ಚಟ್ನಿ, ಪಂಚಮಿಗೆ ಉಂಡಿ ಮಾಡಿ ಸೊಲ್ಲಾಪುರದ ಅಂಗಡಿಗಳಿಗೆ ಕಳಿಸುತ್ತಾರೆ. ಪ್ರತಿ ಪೊಟ್ಟಣದ ಮೇಲೂ ಒಂದು ಚೀಟಿ. ಅದರಲ್ಲಿ 'ತಟ್ಟಿದವರು' ಎಂದು ಬರೆದು, ಮುಂದೆ ಆ ರೊಟ್ಟಿ ತಟ್ಟಿದ ಹೆಣ್ಣುಮಗಳ ಹೆಸರು. ಇದು ಗುಂಡವ್ವನವರ ಸೊಸೆ ವಿಜಯಲಕ್ಷ್ಮಿಯ ಯೋಚನೆ. ಆಕೆ ಪಿಯುಸಿವರೆಗೆ ಓದಿದವರು, ಲ್ಯಾಪ್‌ಟಾಪಿನಲ್ಲಿ ಹೆಸರು ಹೊಡೆದು ಅಚ್ಚು ತೆಗೆಯುವುದು ಅವರ ಕೆಲಸ. ಮೊದಮೊದಲು ಸೊಲ್ಲಾಪುರದವರು ನಕ್ಕರು. ಆಮೇಲೆ ಹೆಸರು ಹಿಡಿದು ಕೇಳತೊಡಗಿದರು.

ರೊಟ್ಟಿ ತಟ್ಟುವ ಹುಲಿಗೆವ್ವ ಅದನ್ನು ಹೀಗೆ ಹೇಳುತ್ತಾರೆ: "ಇಷ್ಟ ವರ್ಷ ನನ್ನ ಹೆಸರು ಛಾಪಿಸಿದ್ದು ರೇಶನ್ ಕಾರ್ಡಿನ್ಯಾಗ, ಅದೂ ತಪ್ಪು. ಈಗ ಸೊಲ್ಲಾಪುರದಾಗ 'ಹುಲಿಗೆವ್ವಂದು ಕೊಡ್ರಿ' ಅಂತಾರಂತ. ಗಂಡ ಹೆಸರ ಹಿಡದ ಕರೀಲಿಲ್ಲ, ಸೊಲ್ಲಾಪುರದಾವ್ರು ಕರದ್ರು ನೋಡ್ರಿ."

ಲ್ಯಾಪ್‌ಟಾಪು ಸತ್ತ ದಿನ ಹೆಸರೂ ನಿಂತುಹೋಗುತ್ತದೆ. ಸತ್ತದ್ದನ್ನು ಬದುಕಿಸಿ ಕಳಿಸುವುದು ಸಗೀರಾ ಅವರಿಗೆ ಕಷ್ಟವಲ್ಲ. ಯಾಕೆ ಸಾಯುತ್ತಿದೆ ಎಂಬುದು ಮಾತ್ರ ತಿಳಿಯುತ್ತಿಲ್ಲ. ಅಥವಾ ತಿಳಿದಿದೆ ಎಂದು ಅವರು ಭಾವಿಸಿದ್ದರು, ತೊಡಕು ಇದ್ದದ್ದು ಅಲ್ಲಿಯೇ.

ಸಗೀರಾ ಅವರಿಗೆ ಒಂದು ಹೆಮ್ಮೆಯಿದೆ: ಫ್ಯಾನಿನೊಳಗಿನ ಧೂಳು ನೋಡಿ ರಿಪೇರಿಗೆ ಬಂದ ಯಂತ್ರದ ಊರು ಹೇಳುತ್ತಾರೆ. ಇಂಡಿಯದರಲ್ಲಿ ಒಣ ಲಿಂಬೆಯ ವಾಸನೆ, ಮುದ್ದೇಬಿಹಾಳದ್ದರಲ್ಲಿ ಅರಳೆಯ ಎಳೆ, ಕೊಲ್ಹಾರದಿಂದ ಬಂದದ್ದರ ಪಕ್ಕದಲ್ಲಿ ಬೆಕ್ಕು ಬಂದು ಕೂರುತ್ತದೆ. ಕನ್ನೊಳ್ಳಿಯದರಲ್ಲಿ ಹಿಟ್ಟು. ಹಿಟ್ಟು ಕಂಡ ಕೂಡಲೇ ರೋಗ ಸಿಕ್ಕಿತೆಂದು ಅವರು ಅಪ್ಪಣೆ ಕೊಟ್ಟರು: "ಹಿಟ್ಟಿನಿಂದ ದೂರ ಇಡ್ರಿ." ಹೆಣ್ಣುಮಕ್ಕಳು ಲ್ಯಾಪ್‌ಟಾಪನ್ನು ಅಡುಗೆಮನೆಯಿಂದ ಪಡಸಾಲೆಗೆ ತಂದರು. ಸತ್ತಿತು. ಪಡಸಾಲೆಯಿಂದ ದೇವರ ಮನೆಗೆ ಒಯ್ದರು. ಅಲ್ಲೂ ಸತ್ತಿತು. ಆಗ ಸಗೀರಾ ಕರೆಂಟಿಗೆ ಬೈದರು. ಬೈಸಿಕೊಂಡು ರೂಢಿಯಿರುವ ಕರೆಂಟು ಉತ್ತರ ಕೊಡಲಿಲ್ಲ.

ಈ ಸಲ ಅವರು ಲ್ಯಾಪ್‌ಟಾಪನ್ನು ಬಸ್ಸಿಗೆ ಹಾಕಿ ಕಳಿಸುವುದಿಲ್ಲ. ಅದನ್ನೂ ಖರ್ಜೂರದ ಡಬ್ಬಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ತಾವೇ ಕನ್ನೊಳ್ಳಿಗೆ ಹೊರಡುತ್ತಾರೆ.

ರೊಟ್ಟಿ ಮನೆಯಲ್ಲಿ ಹಗಲೆಲ್ಲ ನೋಡುತ್ತ ಕೂರುತ್ತಾರೆ. ಏನೂ ತಪ್ಪಿಲ್ಲ. ವಿಜಯಲಕ್ಷ್ಮಿ ಕೈ ತೊಳೆದು, ಒರೆಸಿಕೊಂಡು, ಹೆಸರು ಹೊಡೆಯುತ್ತಾರೆ. ಮುದಿ ಪ್ರಿಂಟರು ಕೆಮ್ಮುತ್ತ ಚೀಟಿ ಉಗುಳುತ್ತದೆ. ತಟಪಟ ತಟಪಟ ಎಂದು ರೊಟ್ಟಿ ಬಡಿಯುವ ಸದ್ದಿನ ನಡುವೆ ಹೆಣ್ಣುಮಕ್ಕಳು ಸಗೀರಾ ಅವರ ಕಾಲು ಎಳೆಯುತ್ತಾರೆ.

"ಡಾಕ್ಟರ್ ಬಾಯಾರು ಮನಿಗೇ ಬಂದಾರಲ್ಲ, ರೋಗಿ ಹೆದರಿ ಆರಾಮಾಗೈತಿ!"

"ಏ, ಸುಮ್ಮಕಿರ. ಹೊತ್ತ ಮುಳುಗಲಿ, ಆಮ್ಯಾಲ ನೋಡೂಣು."

ಹೊತ್ತು ಮುಳುಗುತ್ತದೆ. ವಿಜಯಲಕ್ಷ್ಮಿ ಲ್ಯಾಪ್‌ಟಾಪಿನ ಮುಚ್ಚಳ ಹಾಕುತ್ತಾರೆ. ಗುಂಡವ್ವ ದೇವರಿಗೆ ದೀಪ ಹಚ್ಚಿ, ಅದೇ ಕೈಯಿಂದ ಮುಚ್ಚಳದ ಮೇಲೆ ಮೂರು ಬೆರಳು ವಿಭೂತಿ ಎಳೆಯುತ್ತಾರೆ. ಆಮೇಲೆ ರೊಟ್ಟಿ ಸುತ್ತುವ ದಪ್ಪ ಅರಿವೆಯಲ್ಲಿ ಅದನ್ನು ನಾಲ್ಕೂ ಕಡೆಯಿಂದ ಒತ್ತಾಗಿ ಸುತ್ತಿ, ರೊಟ್ಟಿಯ ಬುಟ್ಟಿಯಲ್ಲಿ ಇಟ್ಟು, ಮೇಲೊಂದು ಬುಟ್ಟಿ ಬೋರಲು ಹಾಕುತ್ತಾರೆ. ಬಿಸಿ ರೊಟ್ಟಿ ಆರದಂತೆ ಕಾಯುವ ಕ್ರಮ ಅದು. ಶತಮಾನಗಳಿಂದ ಪರೀಕ್ಷೆಯಾದದ್ದು.

ಸಗೀರಾ ಬುಟ್ಟಿಯ ಬಳಿ ಬಗ್ಗುತ್ತಾರೆ. ತಂದೆಯ ಕಾಲದ ಅಭ್ಯಾಸದಂತೆ ಸ್ಕ್ರೂಡ್ರೈವರಿನ ತುದಿಯನ್ನು ಬುಟ್ಟಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚುತ್ತಾರೆ. ಒಳಗಿನಿಂದ ಗುಂಯ್ ಎಂದು ಸಣ್ಣಗೆ ಸದ್ದು. ಫ್ಯಾನು ಜೀವ ಹಿಡಿದುಕೊಂಡು ತಿರುಗುತ್ತಿದೆ.

"ಅವ್ವಾರ! ಇದು ಇನ್ನೂ ಚಾಲೂ ಐತಲ್ರಿ! ಇದರಾಗ ಜೀವ ಐತಲ್ರಿ!"

"ಮತ್ತ?" ಗುಂಡವ್ವ ಸೆರಗು ಸರಿಪಡಿಸಿಕೊಳ್ಳುತ್ತಾರೆ. "ಜೀವ ಐತಿ ಅಂತನ ಹೊಚ್ಚಿ ಮಲಗಿಸೇವಿ. ಥಂಡಿ ಹತ್ತಬಾರ್ದಲ್ಲ?"

ಮುಚ್ಚಳ ಹಾಕಿದರೆ ಕೆಲವು ಲ್ಯಾಪ್‌ಟಾಪುಗಳು ತಾವಾಗಿ ನಿದ್ದೆ ಹೋಗುತ್ತವೆ. ಸಗೀರಾ ಕಟ್ಟಿಕೊಟ್ಟ ಈ ಮುದಿ ಯಂತ್ರಕ್ಕೆ ಆ ಗುಣವಿಲ್ಲ. ಅದನ್ನು ಕಲಿಸಲು ಅವರಿಗೂ ಆಗಿರಲಿಲ್ಲ, ಒಪ್ಪಿಕೊಳ್ಳುತ್ತಾರೆ. ಪರದೆಯ ಮೇಲಿನ ಗುಂಡಿಯನ್ನೇ ಒತ್ತಿ ಆರಿಸಬೇಕು. ಒತ್ತದಿದ್ದರೆ ಅರಿವೆಯೊಳಗೆ ಬೆವರುತ್ತ, ಕಾಯುತ್ತ, ಕೊನೆಗೆ ಬ್ಯಾಟರಿ ಬರಿದಾಗಿ, ಬರೆಯುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಧೊಪ್ಪನೆ ಬೀಳುತ್ತದೆ. ದಿನವೂ ಹೀಗೆ ಬಿದ್ದರೆ ಯಾವ ಗಟ್ಟಿಗನೂ ಒಂದು ದಿನ ಏಳುವುದಿಲ್ಲ.

"ಆರಿಸೂ ಗುಂಡಿ ಐತಲ್ರಿ, ತೋರಿಸಿ ಹೋಗಿದ್ನೆಲ್ಲ? ಯಾಕ ಒತ್ತಲಿಲ್ಲ?"

ವಿಜಯಲಕ್ಷ್ಮಿ ನೆಲ ನೋಡುತ್ತಾರೆ. ಗುಂಡವ್ವ ಮಾತ್ರ ನೆಟ್ಟಗೆ ಉತ್ತರ ಕೊಡುತ್ತಾರೆ.

"ಒತ್ತಬ್ಯಾಡಂತ ನಾನ ಹೇಳೇನಿ. ಏನ ಬರದಾರ ಅದರಾಗ? 'ಮುಚ್ಚು' ಅಂತ. ದೀಪ ಹಚ್ಚೂ ಹೊತ್ತಿನ್ಯಾಗ, ದಿನಾ ದುಡದ ಹಾಕೂ ವಸ್ತುವಿನ ಮುಂದ ಕುಂತು ಮುಚ್ಚು ಅಂತಾರೇನ, ಯವ್ವಾ? ಬಾಯಿ ಮುಚ್ಚು, ಅಂಗಡಿ ಮುಚ್ಚು, ಕಣ್ಣ ಮುಚ್ಚು. ಒಂದರ ಚೊಲೋ ಮಾತ ಐತೇನ ಅದರಾಗ? ನಮ್ಮ ಮನಿಗೆ ಬಂದ ಬೀಗರು ಎದ್ರೂ 'ಹೊಂಟೇನಿ' ಅನ್ನಾಂಗಿಲ್ಲ, 'ಬರ್ತೇನಿ' ಅಂತಾರ. ನಾವು ಹೋಗು ಅನ್ನಾಂಗಿಲ್ಲ. ಇದೇನ ಬೀಗರಕಿಂತಾ ಕಡಿಮಿ ದುಡದೈತೇನು?"

ಸಗೀರಾ ನೆಲದ ಮೇಲೆ ಕುಳಿತುಬಿಡುತ್ತಾರೆ. ಮೊದಲು ಭುಜ ಅಲುಗುತ್ತವೆ, ಆಮೇಲೆ ನಗು ಹೊರಗೆ ಬರುತ್ತದೆ, ಕಣ್ಣಲ್ಲಿ ನೀರು ಬರುವವರೆಗೆ. "ಇಷ್ಟ ದಿನ ಹಿಟ್ಟಿಗೆ ಬೈದ್ನೆಲ್ರಿ, ಪಾಪ! ನಾಲಿಗಿ ಮ್ಯಾಲ ಹಚ್ಚಿ ನೋಡಿ ಊರ ಹೇಳಾಕಿ ನಾ! ಊರು ಗೊತ್ತಾತು, ಊರಿನ ಮಂದಿ ಗೊತ್ತಾಗಲಿಲ್ಲ."

"ನೀ ಮೊದಲ ಹೇಳಬಾರದಾಗಿತ್ತೇನ ತಂಗಿ?" ಎಂದು ಅವರು ವಿಜಯಲಕ್ಷ್ಮಿಯನ್ನು ಹಿತ್ತಲಲ್ಲಿ ಕೇಳುತ್ತಾರೆ.

"ಹೆಂಗ ಹೇಳ್ಲಿ, ಅಕ್ಕಾರ? ಅತ್ತಿ ಮಾತು ಸಿಂದಗಿ ಬಸ್ ಸ್ಟ್ಯಾಂಡಿಗೆ ಒಯ್ದಂಗ ಆಕ್ಕಿತ್ತು." ಆಮೇಲೆ ಸೇರಿಸುತ್ತಾರೆ, "ಮತ್ತ, ಅಕಿ ಹೇಳಿದ್ದು ನನಗೂ ಖರೆ ಅನಿಸಿತ್ರಿ."

ಗುಂಡಿ ಒತ್ತಿದರೆ ಏನೂ ಕೆಡುವುದಿಲ್ಲ, ಅದು ಬರೇ ಒಂದು ಶಬ್ದ ಎಂದು ಸಗೀರಾ ಗುಂಡವ್ವನವರಿಗೆ ತಿಳಿಸಿ ಹೇಳಲು ನೋಡುತ್ತಾರೆ. "ಬರೇ ಶಬ್ದ ಇದ್ರ ನೀನ ನನ್ನ ಮುಂದ ನಿಂತು ಅನ್ನು," ಎನ್ನುತ್ತಾರೆ ಗುಂಡವ್ವ. ಸಗೀರಾ ಬಾಯಿ ತೆರೆದು, ಹಾಗೆಯೇ ಮುಚ್ಚುತ್ತಾರೆ. ಆಮೇಲೆ, ರಿಪೇರಿಯವರು ಗಿರಾಕಿಗೆ ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದನ್ನು ಕೇಳುತ್ತಾರೆ: "ಮತ್ತ ಏನಂತ ಬರದಿದ್ರ ಒತ್ತತೀರಿ, ಅವ್ವಾರ?"

"ಬರಿಯಾಕ ಬರತೈತೇನು?"

"ಫುಕಟ ಮಾಲು ಅಂತ ನಗತೀರಲ್ಲ, ಇದರ ಮಾತು ಎಲ್ಲಾ ಬಿಚ್ಚಿ ಇಟ್ಟಿರ್ತಾರ್ರಿ. ರೊಕ್ಕ ಕೊಟ್ಟು ತಂದದ್ರಾಗ ಅವರು ಬರದದ್ದ ಖಾಯಂ. ಇದರಾಗ ನಾವು ಬರದದ್ದು."

ರೊಟ್ಟಿ ಮನೆಯಲ್ಲಿ ಸಭೆ ಕೂಡುತ್ತದೆ. ಹುಲಿಗೆವ್ವ 'ಮಲಕೋ' ಎಂದು ಸೂಚಿಸುತ್ತಾರೆ. ಹಗಲು ಹೊತ್ತಿನಲ್ಲಿ ಆರಿಸಬೇಕಾಗಿ ಬಂದರೆ ಸೋಮಾರಿತನ ಕಲಿಸಿದ ಹಾಗಾಗುತ್ತದೆಂದು ಅದು ಬಿದ್ದುಹೋಗುತ್ತದೆ. 'ಸಾಕು' ಎಂದೊಬ್ಬರು. ಊಟಕ್ಕೆ ಕೂತವರಿಗೆ ಹೇಳಿದಂತಿದೆ ಎಂದು ಅದೂ ಬೇಡವಾಗುತ್ತದೆ. ಎಲ್ಲರೂ ಗುಂಡವ್ವನವರ ಮುಖ ನೋಡುತ್ತಾರೆ. ಗುಂಡವ್ವ ತಮಗೆ ಇದರಲ್ಲಿ ಯೋಚಿಸುವಂಥದು ಏನಿದೆ ಎನ್ನುವಂತೆ ಹೇಳುತ್ತಾರೆ: "ಹೋಗಿ ಬಾ."

ಮರುದಿನ ಸಿಂದಗಿಯ ಅಂಗಡಿಯಲ್ಲಿ ಕೆಲಸ ಶುರು. ಮಾತುಗಳೆಲ್ಲ ಯಾವ ಕಡತದಲ್ಲಿ ಅಡಗಿವೆ ಎಂದು ಚೇತನಕುಮಾರರು ಫೋನಿನಲ್ಲಿ ದಾರಿ ಹೇಳುತ್ತಾರೆ. ಸಗೀರಾ ಒಂದು ಮಾತು ತೆಗೆದು ಇನ್ನೊಂದು ಇಡುತ್ತಾರೆ. ಲ್ಯಾಪ್‌ಟಾಪು ಏಳುತ್ತದೆ. ಪರದೆಯ ಮೇಲೆ ಒಂದಕ್ಷರವೂ ಇಲ್ಲ, ಉದ್ದಕ್ಕೂ ಬರೇ ಚೌಕ ಚೌಕ. "ಕಂಪ್ಯೂಟರ್ ಮಾಡಂದ್ರ ಕೌದಿ ಹೊಲದೀಯಲ್ಲ," ಎಂದು ಮೋದಿನಸಾಬರು ಬಗ್ಗಿ ನೋಡಿ ಹೇಳುತ್ತಾರೆ. ಸಗೀರಾ ಕೌದಿಯನ್ನು ಬಿಚ್ಚುತ್ತಾರೆ, ಮತ್ತೆ ಹೊಲಿಯುತ್ತಾರೆ. ಚಹದಂಗಡಿಯವನು ಎರಡನೇ ಸಲ ಹಾಲು ಕಾಯಿಸುವ ಹೊತ್ತಿಗೆ, ಇದ್ದ ಮಾತುಗಳೆಲ್ಲ ಇದ್ದಲ್ಲಿಗೆ ಬಂದು, ಮೂಲೆಯ ಗುಂಡಿಯ ಮೇಲೆ ಎರಡು ಮಾತು ಹೊಸದಾಗಿ ಕೂತಿರುತ್ತವೆ: ಹೋಗಿ ಬಾ.

ಆ ದಿನವೇ ಅಂಗಡಿಗೆ ಬಂದಿದ್ದ ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿ ಬಸಂತರಾಯರು ಇದನ್ನು ನೋಡುತ್ತಾರೆ. ಅವರಿಗೆ ಬೇರೆ ದೂರೊಂದಿದೆ. "ಮ್ಯಾಲ 'ಸಂಪಾದಿಸು' ಅಂತ ಐತಿ. ಆವಾಗಿಂದ ಒತ್ತಾಕತ್ತೇನಿ, ಏನೂ ಬರವಲ್ದು. ಅದನ್ನೂ ಒಂದೀಟ ರಿಪೇರಿ ಮಾಡ್ರಿ, ಅಕ್ಕಾರ." ಅದು ಬರೆದದ್ದನ್ನು ತಿದ್ದುವ ಗುಂಡಿ, ಗಳಿಕೆ ಲಿನಕ್ಸಿನಿಂದ ಆಗುವಂಥದಲ್ಲ ಎಂದು ಅವರಿಗೆ ತಿಳಿಸಲಾಗುತ್ತದೆ.

ಸಗೀರಾ ಮತ್ತೆ ಕನ್ನೊಳ್ಳಿಗೆ ಹೋಗುತ್ತಾರೆ. ಈ ಸಲ ಅಲ್ಲಿಯೇ ಉಳಿಯುವ ತಯಾರಿ. ಪಂಚಮಿಯ ಉಂಡಿಗಳಿಗೆ ಚೀಟಿ ತೆಗೆಯುವ ಕೆಲಸ ಮೈಮೇಲೆ ಇದೆ, ಶೇಂಗಾ ಹುರಿದ ವಾಸನೆ ಓಣಿಯ ತುಂಬ ಹಬ್ಬಿದೆ. ಹೊತ್ತು ಮುಳುಗುತ್ತಲೇ ಗುಂಡವ್ವ ದೀಪ ಹಚ್ಚಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಅವರಿಗೆ ಓದು ಬರುವುದು ಸ್ವಲ್ಪ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಸೊಸೆ ಹಿಡಿದು ತೋರಿಸಿದಲ್ಲಿ ಒತ್ತುತ್ತಾರೆ. ಒತ್ತುತ್ತ ಬಾಯಲ್ಲೂ ಹೇಳುತ್ತಾರೆ, ಬರೆದದ್ದು ಒಂದಾಗಿ ಆಡಿದ್ದು ಇನ್ನೊಂದಾಗಬಾರದೆಂದು: "ಹೋಗಿ ಬಾರವ್ವಾ."

ಪರದೆ ಕಪ್ಪಾಗುತ್ತದೆ. ಫ್ಯಾನಿನ ಸದ್ದು ಇಳಿದು ನಿಲ್ಲುತ್ತದೆ. ಬಾ ಎಂದು ಕಳಿಸಿದ್ದು ಬರುತ್ತದೆಯೇ ಎಂಬುದು ಬೆಳಗಿನ ಮಾತು. ಅರಿವೆ ಸುತ್ತಬೇಡಿ ಎಂದು ಹೇಳಲು ಸಗೀರಾ ಬಾಯಿ ತೆರೆಯುವಷ್ಟರಲ್ಲಿ ಗುಂಡವ್ವ ಸುತ್ತಿ ಬುಟ್ಟಿಯಲ್ಲಿ ಇಟ್ಟಾಗಿದೆ. ಇರಲಿ, ಈಗ ಅದರಿಂದ ಏನೂ ಬಾಧೆಯಿಲ್ಲ. ಥಂಡಿಯಂತೂ ಹತ್ತುವುದಿಲ್ಲ.

ಬೆಳಗಿನ ಕೋಳಿ ಕೂಗುವ ಮೊದಲೇ ರೊಟ್ಟಿ ಮನೆಯಲ್ಲಿ ಎಲ್ಲರೂ ಎದ್ದಿದ್ದಾರೆ. ಎದ್ದು, ಎದ್ದದ್ದು ಬೇರೆ ಕೆಲಸಕ್ಕೆಂದು ತೋರಿಸಿಕೊಳ್ಳುತ್ತಿದ್ದಾರೆ. ಒಬ್ಬರು ಗುಡಿಸಿದ್ದನ್ನೇ ಗುಡಿಸುತ್ತಾರೆ. ಹುಲಿಗೆವ್ವ ಖಾಲಿ ಹೆಂಚಿನ ಕೆಳಗೆ ಉರಿ ಹಾಕಿದ್ದಾರೆ. ಗುಂಡವ್ವ ಬುಟ್ಟಿ ತೆಗೆದು, ಅರಿವೆ ಬಿಚ್ಚಿ, ಲ್ಯಾಪ್‌ಟಾಪನ್ನು ಮಣೆಯ ಮೇಲೆ ಕೂರಿಸುತ್ತಾರೆ. ವಿಜಯಲಕ್ಷ್ಮಿ ಗುಂಡಿ ಒತ್ತುತ್ತಾರೆ. ಸಗೀರಾ ಸ್ಕ್ರೂಡ್ರೈವರಿನ ಹಿಡಿಕೆಗೆ ಕಿವಿ ಹಚ್ಚಿ ಕುಳಿತಿದ್ದಾರೆ. ಮುದಿ ಯಂತ್ರ ತನ್ನ ವಯಸ್ಸಿಗೆ ತಕ್ಕಂತೆ ನಿಧಾನಕ್ಕೆ ಕೆಮ್ಮಿ, ಉಸಿರೆಳೆದು, ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಪರದೆಯ ತುಂಬ ಬೆಳಕು ಹರಡುತ್ತದೆ. ಬೆಳಕಿನ ನಡುವೆ ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಚೀಟಿಗಳ ಕಡತ, ಅದರಲ್ಲಿ ಎಲ್ಲರ ಹೆಸರು, ಒಂದೂ ಅಳಿಯದೆ.

"ಬಂತ ಬಂತ!" ಎಂದು ಹುಲಿಗೆವ್ವ ಕೂಗಿದ್ದು ಬಸ್ ನಿಲ್ಲುವ ಕಟ್ಟೆಯವರೆಗೆ ಕೇಳಿಸುತ್ತದೆ. ಅಲ್ಲಿದ್ದ ನಾಲ್ಕು ಜನ ಬಸ್ಸೇ ಬಂತೆಂದು ಗಂಟು ಎತ್ತಿಕೊಂಡು ನಿಲ್ಲುತ್ತಾರೆ.

ಪಂಚಮಿ ಬಂತು, ಹೋಯಿತು. ಕನ್ನೊಳ್ಳಿಯ ಉಂಡಿಗಳು ಕಟ್ಟಿದವರ ಹೆಸರು ಹೊತ್ತು ಸೊಲ್ಲಾಪುರಕ್ಕೆ ಹೋದವು. ಲ್ಯಾಪ್‌ಟಾಪು ಪ್ರತಿ ಸಂಜೆ ಹೋಗುತ್ತದೆ, ಪ್ರತಿ ಬೆಳಿಗ್ಗೆ ಬರುತ್ತದೆ. ಸಗೀರಾ ಅಂಗಡಿಯ ಕಪಾಟಿನಲ್ಲಿ ಈಗ ಹನೀಫಸಾಬರ ಪರದೆಯೊಂದೇ ಮಡಚಿ ಕುಳಿತಿದೆ, ಅದರ ಕೆಳಗಿದ್ದವು ತಾಂಬಾಕ್ಕೆ, ಇಂಡಿಗೆ, ಮುದ್ದೇಬಿಹಾಳಕ್ಕೆ ಹೋದವು. ಬಾಗೇವಾಡಿಯ ಶ್ರೀಶೈಲಪ್ಪ ಮಾಸ್ತರರು ತಮ್ಮದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಒಯ್ದವರೆಲ್ಲ ಒಂದು ಷರತ್ತು ಹಾಕಿದರು: "ಕನ್ನೊಳ್ಳಿದರಾಗ ಹಾಕೀರಲ್ಲ, ಅದು ನಮ್ಮದ್ರಾಗೂ ಇರಬೇಕ." ಕೊಲ್ಹಾರದಿಂದ ಬಂದಿದ್ದ ಮೀನಿನ ವ್ಯಾಪಾರದ ಇಮಾಮಬಿ ಗುಂಡಿಯನ್ನು ಓದಿಸಿ ಕೇಳಿ, ಸ್ವಲ್ಪ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡಿದ್ದರು. ಅವರ ಹಳೆಯ ಊರು ಕೃಷ್ಣೆಯ ಹಿನ್ನೀರಿನ ಕೆಳಗಿದೆ. "ಇದ ಚೊಲೋ ಐತಿ," ಎಂದಷ್ಟೇ ಹೇಳಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಇಂದು ಮುಂಜಾನೆಯೂ ಸಗೀರಾ ಪಂಪು ಹೊಡೆಯುತ್ತಿದ್ದಾರೆ. ಮೋದಿನಸಾಬರು ನಿನ್ನೆ ಸೊಲ್ಲಾಪುರದಿಂದ ಹೊಸ ಹಳೆಯ ಲ್ಯಾಪ್‌ಟಾಪುಗಳನ್ನು ತಂದಿದ್ದಾರೆ, ಟಿಕೀಟು ಸಮೇತ. ಫ್ಯಾನಿನಿಂದ ಬಂದ ಧೂಳನ್ನು ಸಗೀರಾ ಬೆರಳಿಗೆ ಹತ್ತಿಸಿಕೊಳ್ಳುತ್ತಾರೆ, ಆದರೆ ತೀರ್ಪು ಕೊಡುವ ಅವಸರ ಈಗ ಕಡಿಮೆಯಾಗಿದೆ. "ಮೊದಲ ಮಂದೀನ್ನ ಕೇಳಬೇಕ್ರಿ, ಆಮ್ಯಾಲ ಧೂಳಾ," ಎನ್ನುತ್ತಾರೆ.

ಅವರಿಗೊಂದು ಸಣ್ಣ ಸಮಾಧಾನವಿದೆ. ಲಿನಕ್ಸನ್ನು ಕನ್ನಡಕ್ಕೆ ತರುವ ಕೆಲಸವನ್ನು ಎಲ್ಲೆಲ್ಲೋ ಕುಳಿತ ಮಂದಿ ಸಂಬಳವಿಲ್ಲದೆ ಮಾಡುತ್ತಾರೆ. ಚೇತನಕುಮಾರರ ಸಹಾಯದಿಂದ ಸಗೀರಾ ತಮ್ಮ ಎರಡು ಮಾತನ್ನು ಅವರಿಗೆ ಈಮೇಲ್ ಮಾಡಿದ್ದಾರೆ, ಬೇಕಾದರೆ ಎಲ್ಲರಿಗೂ ಇದನ್ನೇ ಇಡಿ ಎಂದು. ಉತ್ತರ ಇನ್ನೂ ಬಂದಿಲ್ಲ. ಪುಸ್ತಕದ ಕನ್ನಡದವರು ಇದನ್ನು ಒಪ್ಪುವುದು ಕಷ್ಟ ಎಂದು ಚೇತನಕುಮಾರರು ಮೆತ್ತಗೆ ಎಚ್ಚರಿಸಿದ್ದಾರೆ. ಸಗೀರಾ ಕನ್ನೊಳ್ಳಿಯಿಂದ ನಿನ್ನೆ ಬಂದ ಡಬ್ಬಿಯನ್ನು ಒರೆಸುತ್ತಿದ್ದಾರೆ. ಈ ಸಲ ಅದರ ಜೊತೆ ಲ್ಯಾಪ್‌ಟಾಪು ಬಂದಿರಲಿಲ್ಲ, ಬರೀ ಉಂಡಿ ಬಂದಿದ್ದವು.

"ತಗೋತಾರೋ ಬಿಡತಾರೋ, ಅವರ ಮರ್ಜಿ," ಎನ್ನುತ್ತಾ ಅವರು ಡಬ್ಬಿಗೆ ಖರ್ಜೂರ ತುಂಬುತ್ತಾರೆ. "ಅವರು ಫುಕಟ ಅಷ್ಟೆಲ್ಲಾ ತುಂಬಿ ಕಳಿಸಿದ್ರು ನಮಗ. ನಾ ಡಬ್ಬಿ ಖಾಲಿ ಅಂತೂ ತಿರುಗಿ ಕಳಿಸಿಲ್ಲರೀ."